ಎಂಟನೆಯವರು ಬರುವ ತನಕ

ಫೋನಿನ ಕರೆಯಲ್ಲಿ ಬರೀ ಮಾತಿನಿಂದ ಆಡುವ ನಮ್ಮ ಮಾಫಿಯಾ ಆಟಕ್ಕೆ ಎಂಟು ಜನ ಆಗಬೇಕು. ಏಳು ಜನ ಆಡಲಿಕ್ಕೆ, ಒಬ್ಬರು ಆಡಿಸಲಿಕ್ಕೆ. ಐದಾರು ಜನ ಇದ್ದರೂ ಸಾಕು ಎನ್ನುವ ಅವಸರದವರು ಎಲ್ಲ ಕಡೆ ಇರುತ್ತಾರೆ. ಅವರ ಮಾತು ಕೇಳಿ ಶುರು ಮಾಡಿದರೆ ಮೊದಲ ರಾತ್ರಿ ಒಬ್ಬರ ಕೊಲೆಯಾಗಿ, ಬೆಳಗಾದ ಮೇಲೆ ಊರವರೆಲ್ಲ ಸೇರಿ ಒಬ್ಬ ಪಾಪದವನನ್ನು ಓಟು ಹಾಕಿ ಹೊರಗಟ್ಟುವ ಹೊತ್ತಿಗೆ ಊರೇ ಖಾಲಿ. ಸಂಶಯಪಡಲಿಕ್ಕೂ ನಾಲ್ಕು ಜನ ಬೇಕಲ್ಲ! ಹಾಗಾಗಿ ಶನಿವಾರ ರಾತ್ರಿ ಒಂಬತ್ತೂವರೆಗೆ ಎಂದು ಗ್ರೂಪಿನಲ್ಲಿ ಹಾಕಿದ ಆಟ ಹತ್ತೂಕಾಲಕ್ಕೆ ಮೊದಲು ಶುರುವಾದದ್ದಿಲ್ಲ. ಏಳು ಜನ ಇಯರ್‌ಫೋನ್ ಸಿಕ್ಕಿಸಿಕೊಂಡು ಎಂಟನೆಯವರಿಗಾಗಿ ಕಾಯುತ್ತೇವೆ.

ಎಂಟನೆಯವರು ಪ್ರತಿ ವಾರ ಒಬ್ಬರೇ ಅಲ್ಲ. ನಮ್ಮೊಳಗೆ ಹೆಸರಿಗಿಂತ ಊರು ಹಿಡಿದು ಕರೆಯುವುದೇ ರೂಢಿ. ಒಂದು ವಾರ ಮಣಿಪಾಲದ ಡಾಕ್ಟ್ರಿಗೆ ಡ್ಯೂಟಿ ಮುಗಿದಿರುವುದಿಲ್ಲ. ಇನ್ನೊಂದು ವಾರ ಕಾರ್ಕಳದಲ್ಲಿ ಕರೆಂಟಿಲ್ಲ, ಗಾಳಿಮಳೆಗೆ ನೆಟ್‌ವರ್ಕೂ ಇಲ್ಲ. ನಮ್ಮ ಒಂಬತ್ತೂವರೆ ಎಂದರೆ ದುಬೈಯಲ್ಲಿ ಎಂಟು ಗಂಟೆ; ದುಬೈ ಆಗ ಮನೆಯವರ ಜೊತೆ ಸೂಪರ್ ಮಾರ್ಕೆಟಿನಲ್ಲಿ ಗಾಡಿ ದೂಡುತ್ತಿರುತ್ತಾನೆ. "ಐದೇ ಮಿನಿಟು ಮಾರ್ರೆ, ಬಿಲ್ಲಿನ ಕ್ಯೂನಲ್ಲಿದ್ದೇನೆ" ಎನ್ನುತ್ತಾನೆ. ಕಿವಿ ಮಾತ್ರ ನಮ್ಮಲ್ಲಿ, ಕೈ ಸಾಮಾನಿನಲ್ಲಿ, ಆದ್ದರಿಂದ ಲೆಕ್ಕಕ್ಕಿಲ್ಲ. ಸುರತ್ಕಲ್ ಟೀಚರ್ ಒಬ್ಬರು ಯಾವತ್ತೂ ಎಂಟನೆಯವರಾದದ್ದಿಲ್ಲ. ನಿವೃತ್ತರಾಗಿ ವರ್ಷಗಳಾದರೂ ಬೆಲ್ಲಿಗಿಂತ ಮೊದಲೇ ಕ್ಲಾಸಿನಲ್ಲಿರುವ ಅಭ್ಯಾಸ ಹೋಗಿಲ್ಲ.

ಕಾಯುವ ಹೊತ್ತಿನ ಮಾತು ಪುಸ್ತಕಕ್ಕೆ ಬಂದು ನಿಂತದ್ದು ಬೇರೆ ದಾರಿಗಳೆಲ್ಲ ಮುಚ್ಚಿದ್ದರಿಂದ. ರಾಜಕೀಯ ಬೇಡ ಎಂದು ಮೊದಲೇ ಒಪ್ಪಂದ. ಕ್ರಿಕೆಟ್ಟು ಟೀಚರಿಗೆ ಆಗದು. ಮೀನಿನ ಸುದ್ದಿ ತೆಗೆದರೆ ದುಬೈಗೆ ಊರು ನೆನಪಾಗಿ ಮಂಡೆಬೆಚ್ಚ. ಅದೂ ಅಲ್ಲದೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮೀನಿನ ಮಾತಾಡಿ ಬಾಯಲ್ಲಿ ನೀರು ತರಿಸಿಕೊಂಡು ಮಾಡುವುದಾದರೂ ಏನು? ಉಳಿದದ್ದು ಪುಸ್ತಕ. "ಎಂತ ಓದ್ತಾ ಇದ್ದೀರಿ?" ಎಂದು ಯಾರೋ ಕೇಳುತ್ತಾರೆ. ಆ ಮೇಲಿನ ಮುಕ್ಕಾಲು ಗಂಟೆಯಲ್ಲಿ ಆಗುವಷ್ಟು ಸುಳ್ಳು, ನಡೆಯುವಷ್ಟು ಪತ್ತೇದಾರಿಕೆ ಮಾಫಿಯಾ ಆಟದಲ್ಲೂ ಇಲ್ಲ ಎಂಬುದು ನನ್ನ ಎಣಿಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1986ರ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ದಿಮಿತ್ರಿ ದವೀದೋವ್ ಎಂಬವರು ಹುಟ್ಟುಹಾಕಿದ್ದು ಇದು. ಇಬ್ಬರು ಮಾಫಿಯಾ, ಒಬ್ಬ ಪೊಲೀಸ್, ಒಬ್ಬ ಡಾಕ್ಟರ್, ಉಳಿದವರು ಬರೀ ಊರವರು. ಆಟದ ರಾತ್ರಿ ಮಾಫಿಯಾದವರು ಗುಟ್ಟಾಗಿ ಒಬ್ಬರನ್ನು ಕೊಲ್ಲುತ್ತಾರೆ, ಡಾಕ್ಟರ್ ಒಬ್ಬರನ್ನು ಉಳಿಸಬಹುದು; ಹಗಲಾದರೆ ಎಲ್ಲರೂ ಸೇರಿ ಸಂಶಯ ಬಂದವರನ್ನು ಓಟು ಹಾಕಿ ಹೊರಗಟ್ಟುತ್ತಾರೆ. ಮಾಫಿಯಾದವರಿಗೆ ತಮ್ಮವರು ಯಾರೆಂದು ಗೊತ್ತು. ಊರವರಿಗೆ ಏನೇನೂ ಗೊತ್ತಿಲ್ಲ. ಗೊತ್ತಿರುವ ಕೆಲವರಿಗೂ ಗೊತ್ತಿಲ್ಲದ ಹಲವರಿಗೂ ನಡುವಿನ ಜಗಳವೇ ಆಟದ ತಿರುಳು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್‌ಕಿನ್ ಈ ಕೊಲೆಗಾರರನ್ನು ಹಗಲು ಮನುಷ್ಯರಾಗಿದ್ದು ರಾತ್ರಿ ತೋಳಗಳಾಗುವವರನ್ನಾಗಿ ಮಾಡಿದರು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಮೊಬೈಲಿನಲ್ಲಿ ಮುಳುಗಿದ್ದ 'ಅಮಾಂಗ್ ಅಸ್' ಕೂಡ ಇದೇ ಗುಟ್ಟನ್ನು ಬಾಹ್ಯಾಕಾಶ ನೌಕೆಗೆ ಹತ್ತಿಸಿದ ಆಟ. ನಾವು ಅಷ್ಟು ದೂರ ಹೋಗಿಲ್ಲ. ಆಡಿಸುವವರಿಗೆ, ಯಕ್ಷಗಾನದಲ್ಲಿ ಹಾಡಿ ಪ್ರಸಂಗ ನಡೆಸುವವರ ಹಾಗೆ, ಭಾಗವತರು ಎಂದು ಹೆಸರಿಟ್ಟಿದ್ದೇವೆ. ಯಾರಿಗೆ ಯಾವ ವೇಷ ಎಂದು ಅವರವರ ಫೋನಿಗೆ ಗುಟ್ಟಾಗಿ ಕಳಿಸುವುದು ಭಾಗವತರ ಕೆಲಸ.

ಪುಸ್ತಕದ ಸುಳ್ಳಿಗೆ ಭಾಗವತರು ಬೇಕಾಗಿಲ್ಲ. ಅದು ತಾನಾಗಿ ಬರುತ್ತದೆ.

ಒಂದು ಶನಿವಾರ ಮಾತು 'ಇಂದಿರಾಬಾಯಿ'ಗೆ ಬಂತು. ಗುಲ್ವಾಡಿ ವೆಂಕಟರಾಯರು ಬರೆದು 1899ರಲ್ಲಿ ಇಲ್ಲಿಯದೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಕಾದಂಬರಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ನಮ್ಮ ಮಂಗಳೂರಿನದು ಎಂದು ಹೇಳಿಕೊಳ್ಳುವ ಸಂದರ್ಭ ಸಿಕ್ಕಿದರೆ ನಾವು ಯಾರೂ ಬಿಡುವವರಲ್ಲ. ನೀವು ಓದಿದ್ದೀರಾ ಎಂದು ಎದುರಿನವರು ಕೇಳುವುದಿಲ್ಲ, ಯಾಕೆಂದರೆ ತಿರುಗಿ ತಮಗೂ ಅದೇ ಪ್ರಶ್ನೆ ಬಂದೀತು. ಕದ್ರಿಯ ಹುಡುಗ ಐಟಿ ಕೆಲಸದವನು, ಚುರುಕು ನಾಲಿಗೆ. "ಅದು ಭಾರಿ ಲಾಯ್ಕುಂಟು ಟೀಚರ್, ನಾನು ಡಿಗ್ರಿಯಲ್ಲಿರುವಾಗಲೇ ಓದಿದ್ದೆ" ಎಂದ.

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಮೆಲ್ಲಗೆ ಕೇಳಿದರು: "ಕೊನೆಗೆ ಅವಳು ಬಾವಿಗೆ ಹಾರುವಾಗ ನನಗೆ ತುಂಬಾ ಬೇಜಾರಾಯ್ತು. ನಿನಗೆ?"

"ಎಂತ ಹೇಳುದು ಟೀಚರ್, ಎರಡು ದಿವಸ ಊಟ ಸೇರ್ಲಿಲ್ಲ."

ದುಬೈಯ ಬಿಲ್ಲಿನ ಕ್ಯೂನಿಂದ ಮೊದಲು ನಗು ಕೇಳಿತು. ಇಂದಿರೆ ಬಾವಿಗೆ ಹಾರುವುದೇ ಇಲ್ಲ. ಚಿಕ್ಕ ಪ್ರಾಯದ ವಿಧವೆ ಓದು ಕಲಿತು, ಮರುಮದುವೆಯಾಗಿ ಬದುಕುತ್ತಾಳೆ. ಆ ಕಾಲಕ್ಕೆ ಪುಸ್ತಕದ ಧೈರ್ಯವೆಲ್ಲ ಇದ್ದದ್ದೇ ಅಲ್ಲಿ. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ತಮ್ಮ ಪುಸ್ತಕದಿಂದ ಇಷ್ಟು ವರ್ಷಗಳ ಮೇಲೆ ಒಬ್ಬ ಸಿಕ್ಕಿಬಿದ್ದನೆಂದು ತಿಳಿದಿದ್ದರೆ ಅವರಿಗೂ ಗಮ್ಮತ್ತೆನಿಸುತ್ತಿತ್ತೋ ಏನೋ.

ಕದ್ರಿಯವನದು ಹೊಸಬರ ಸುಳ್ಳು, ಬೇಗ ಸಿಕ್ಕಿಬೀಳುತ್ತದೆ. ನುರಿತವರು 'ಓದಿದ್ದೇನೆ' ಎಂದು ಹೇಳುವುದೇ ಇಲ್ಲ. ಮಣಿಪಾಲದ ಡಾಕ್ಟ್ರು ಯಾವ ಪುಸ್ತಕದ ಹೆಸರು ಬಂದರೂ "ಹ್ಞಾಂ, ಅದನ್ನು ಪುನಃ ಒಮ್ಮೆ ಓದಬೇಕು" ಎನ್ನುತ್ತಾರೆ. ಆ 'ಪುನಃ'ದ ಒಳಗೆ ಮೊದಲನೆಯ ಓದು ಎಷ್ಟು ಮರ್ಯಾದೆಯಿಂದ ಅಡಗಿ ಕೂತಿರುತ್ತದೆ ನೋಡಿ. ಹೊರಗೆ ಎಳೆದು ತೋರಿಸು ಎನ್ನುವಂತೆಯೂ ಇಲ್ಲ. ಕಾರ್ಕಳದವರು ಮುನ್ನುಡಿ ಓದುವವರು. ಮುನ್ನುಡಿಕಾರರ ಅಭಿಪ್ರಾಯವನ್ನು ತಮ್ಮದೇ ಎಂಬಂತೆ ಹೇಳಿ, ಕಥೆಯ ಒಳಗೆ ಕರೆದರೆ "ನಾನು ಕಥೆ ಹೇಳಿ ನಿಮ್ಮ ಖುಷಿ ಹಾಳು ಮಾಡುದಿಲ್ಲಪ್ಪ" ಎಂದು ಉಪಕಾರ ಮಾಡಿದವರ ಸ್ವರದಲ್ಲಿ ಜಾರಿಕೊಳ್ಳುತ್ತಾರೆ. 'ಚೋಮನ ದುಡಿ'ಯ ವಿಷಯ ಇನ್ನೂ ಸೂಕ್ಷ್ಮ. 1933ರ ಕಾದಂಬರಿ ಶಿವರಾಮ ಕಾರಂತರದು, 1975ರ ಸಿನಿಮಾ ಬಿ.ವಿ. ಕಾರಂತರದು. ಸಿನಿಮಾ ಮಾತ್ರ ನೋಡಿದವರು "ಕಾರಂತರದ್ದಲ್ವಾ, ಗೊತ್ತುಂಟು" ಎಂದರೆ ಅದು ಪೂರ್ತಿ ಸುಳ್ಳೆಂದು ಹೇಳಲಿಕ್ಕೂ ಆಗುವುದಿಲ್ಲ. ಚೋಮನನ್ನು ವರ್ಣಿಸುವಾಗ ಸಿನಿಮಾದಲ್ಲಿ ಚೋಮನಾದ ವಾಸುದೇವ ರಾಯರ ಮುಖವೇ ಬಂತೋ ಎಂದು ಕಿವಿಗೊಟ್ಟು ಕೇಳಬೇಕು.

ಇಂಥ ಮಾತು ಮೊದಲು ಪುಸ್ತಕದಂಗಡಿಯ ಕೌಂಟರಿನ ಎದುರು ನಿಂತೇ ಆಗುತ್ತಿತ್ತು. ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕುವ ತನಕ ಈ ಊರಿನಲ್ಲಿ ಅದಕ್ಕೊಂದು ಜಾಗವೇ ಇತ್ತು. ಅಂಗಡಿಯಲ್ಲಿ ಸುಳ್ಳು ಹೇಳುವುದು ಸುಲಭವಲ್ಲ: ಪುಸ್ತಕ ಕೈ ಚಾಚಿದಷ್ಟು ದೂರದಲ್ಲಿದೆ, ತೆಗೆದು ಪುಟ ತಿರುಗಿಸಿದರೆ ಮುಗಿಯಿತು. ಫೋನಿನ ಮಾತಿನಲ್ಲಿ ಆ ಹೆದರಿಕೆಯಿಲ್ಲ. ಹುಡುಕಿ ನೋಡಬಹುದಲ್ಲ ಎನ್ನಬೇಡಿ. ಗೂಗಲ್ ಮಾಡಿದವರ ಸ್ವರ ಅರ್ಧ ಕ್ಷಣ ತಡವಾಗಿ ಬರುತ್ತದೆ, ಮತ್ತು ಸ್ವಲ್ಪ ಹೆಚ್ಚೇ ಶುದ್ಧವಾಗಿ ಬರುತ್ತದೆ. ಟೀಚರಿಗೆ ಅದೂ ಗೊತ್ತಾಗುತ್ತದೆ. ಕಾಪಿ ಹೊಡೆದ ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದ ಕಿವಿ ಅದು.

ಹಾಗಾದರೆ ಪುಸ್ತಕದ ಸುಳ್ಳು ಹೇಳಲು ಬಲ್ಲವರು ಮಾಫಿಯಾ ಆಟವನ್ನೂ ಗೆಲ್ಲಬೇಕಲ್ಲ? ಇಲ್ಲ, ಅದೇ ಇದರ ವಿಚಿತ್ರ. ಓದದ ಪುಸ್ತಕದ ಬಗ್ಗೆ ಕಾಲು ಗಂಟೆ ನಿರರ್ಗಳ ಮಾತಾಡಬಲ್ಲ ಮಣಿಪಾಲದ ಡಾಕ್ಟ್ರು ಮಾಫಿಯಾ ಆದ ರಾತ್ರಿ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಸಿಕ್ಕಿಬೀಳುತ್ತಾರೆ. ಬಾವಿಗೆ ಬಿದ್ದ ಕದ್ರಿಯ ಹುಡುಗನೋ, ಆಟದಲ್ಲಿ ಯಾರನ್ನು ಕೊಂದರೂ ಮರುದಿನ ಅವರಿಗಾಗಿ ಮೊದಲು ಅಳುವವನು. ಪುಸ್ತಕದ ಸುಳ್ಳನ್ನು ನಾವು ನಾಚಿಕೆಗೆ ಹೇಳುತ್ತೇವೆ. ಎದುರಿನವರ ಮುಂದೆ ಸಣ್ಣವರಾಗಬಾರದು ಎಂದು, ಅವರಿಗೆ ಪ್ರಿಯವಾದದ್ದು ನಮಗೆ ಗೊತ್ತೇ ಇಲ್ಲ ಎಂದು ಮನಸ್ಸು ಮುರಿಯಬಾರದು ಎಂದು. ಅದರಲ್ಲಿ ಸ್ವಲ್ಪ ಪ್ರೀತಿಯೂ ಉಂಟು. ಆಟದ ಸುಳ್ಳಿಗೆ ಇವೆಲ್ಲ ಇಲ್ಲ. ಅದು ಕೊಟ್ಟ ಕೆಲಸ, ಮಾಡಿ ಮುಗಿಸುವುದು.

ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಪರಂಪರೆಯ ಬಲವೂ ಇದೆ, ತಾಳಮದ್ದಳೆಯದು. ವೇಷವಿಲ್ಲ, ಕುಣಿತವಿಲ್ಲ, ಬಿಳಿ ಪಂಚೆ ಉಟ್ಟು ಎದುರೆದುರು ಕೂತ ಇಬ್ಬರು ಬರೀ ಮಾತಿನಿಂದ ಒಬ್ಬರನ್ನೊಬ್ಬರು ಕಟ್ಟಿಹಾಕಲು ನೋಡುತ್ತಾರೆ. ಇವತ್ತು ಸಂಧಾನದ ಕೃಷ್ಣನಾಗಿ ಧರ್ಮ ಹೇಳಿದವರು ನಾಳೆ ಕೌರವನಾಗಿ ಅದೇ ಧರ್ಮದ ಸೊಂಟ ಮುರಿಯಬಲ್ಲರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ತಾಗಿ ಬಿದ್ದುಕೊಂಡೇ ರಾಮನನ್ನು ಕೇಳುವ ಪ್ರಶ್ನೆಗಳನ್ನು ಧ್ವನಿಮುದ್ರಿಕೆಯಲ್ಲಿ ಕೇಳಿ ಬೆಳೆದವರಿಗೆ, 'ಮಾಫಿಯಾ ನಾನಲ್ಲ' ಎಂದು ವಾದಿಸುವುದು ಏನು ಮಹಾ? ತೊಂದರೆ ಬೇರೆ ಕಡೆ ಇದೆ. ತಾಳಮದ್ದಳೆಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಮಾತಿಗೆ ಬಿಡುವಿದೆ. ನಮ್ಮ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಆದರೂ ಒಬ್ಬೊಬ್ಬರು ಅರ್ಥಧಾರಿಗಳ ಹಾಗೆ ಪೀಠಿಕೆ ಹಾಕಿಯೇ ಮಾತು ತೆಗೆಯುತ್ತಾರೆ. ಸುಮ್ಮನೆ ಕೂತವರ ಮೇಲೆಯೇ ಇಲ್ಲಿ ಮೊದಲ ಸಂಶಯ. ಮಂಗಳೂರಿನವನಾಗಿ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಾನೆಂದರೆ ಎಂತದೋ ಉಂಟು!

ಒಮ್ಮೆ ಅಗಾಥಾ ಕ್ರಿಸ್ಟಿಯ ಸರದಿ ಬಂತು. 1926ರಲ್ಲಿ ಬಂದ ಆ ಕಾದಂಬರಿಯ ಹೆಸರು ಹೇಳುವುದಿಲ್ಲ, ಓದದವರು ಇದ್ದೀರಿ. ಕಥೆ ಹೇಳುತ್ತಿರುವವನೇ ಕೊಂದವನು ಎಂದು ಅದರಲ್ಲಿ ಕೊನೆಗೆ ತಿಳಿಯುತ್ತದೆ. ಇದು ಓದುಗರಿಗೆ ಮಾಡಿದ ಮೋಸವೋ ಅಲ್ಲವೋ ಎಂದು ಚರ್ಚೆ ಕಾವೇರಿತು. ಭಾಗವತರೇ ಕೊಲೆಗಾರರಾದರೆ ಪ್ರಸಂಗ ನಡೆಯುವುದು ಹೇಗೆ ಎಂದು ಕಾರ್ಕಳದವರ ಆಕ್ಷೇಪ. ಟೀಚರ್ ಮಾತ್ರ ಒಪ್ಪಲಿಲ್ಲ. "ಅವನು ಒಂದು ಸುಳ್ಳೂ ಹೇಳಲಿಲ್ಲ. ಹೇಳಬೇಕಾದ ಒಂದನ್ನು ಹೇಳಲಿಲ್ಲ, ಅಷ್ಟೆ" ಎಂದರು. ಅವರ ಮಾತೇ ಸರಿ ಎಂದು ನನಗೂ ಅನ್ನಿಸಿತು. ಅದೇ ರಾತ್ರಿ ಕದ್ರಿಯ ಹುಡುಗ ಟೀಚರನ್ನೇ ಕೊಂದು, ಆಟ ಮುಗಿದ ಮೇಲೆ "ನಾನು ಸುಳ್ಳು ಹೇಳ್ಲಿಲ್ಲ ಟೀಚರ್, ಒಂದನ್ನು ಹೇಳ್ಲಿಲ್ಲ, ಅಷ್ಟೆ" ಎಂದ. ಪಾಠ ತಲೆಗೆ ಹತ್ತುವ ಹುಡುಗ, ಪುಸ್ತಕವೊಂದು ಬಿಟ್ಟು.

ಬಿಟ್ಟಿ ಆಪಿನ ಕರೆ ನಲವತ್ತು ನಿಮಿಷಕ್ಕೆ ತಾನಾಗಿ ಕಡಿದುಹೋಗುತ್ತದೆ. ಪುಸ್ತಕದ ಮಾತು ನಿಲ್ಲುವುದು ಹೆಚ್ಚಾಗಿ ಅಲ್ಲೇ, ಯಾವುದಾದರೂ ವಾಕ್ಯದ ನಡುವೆ. ಪುನಃ ಎಲ್ಲರೂ ಒಳಗೆ ಬರುವಾಗ ಎಂಟನೆಯವರೂ ಜೊತೆಗೆ ಬಂದಿರುತ್ತಾರೆ. ಇನ್ನು ಪುಸ್ತಕ ಬೇಡ, ಆಟ.

ಆದರೆ ಅರ್ಧಕ್ಕೆ ನಿಂತ ಮಾತು ಎಲ್ಲಿಗೆ ಹೋಗಬೇಕು? ಅದಕ್ಕೂ ದಾರಿಯಾಯಿತು. ಸತ್ತವರು ಆಟದಲ್ಲಿ ಮಾತಾಡುವಂತಿಲ್ಲ ಎಂಬುದು ನಿಯಮ, ಹಾಗೆಂದು ಬಾಯಿ ಕೇಳಬೇಕಲ್ಲ. ಸತ್ತವರಿಗಾಗಿ 'ಪರಲೋಕ' ಎಂಬ ಇನ್ನೊಂದು ಗ್ರೂಪು ಹುಟ್ಟಿಕೊಂಡಿತು. ಮೊದಲು ಸತ್ತವರು ಅಲ್ಲಿ ಹೋಗಿ ಕೂತು, ಕಡಿದುಹೋದ ವಾಕ್ಯವನ್ನು ಎತ್ತಿಕೊಂಡು ಮುಂದುವರಿಸುತ್ತಾರೆ. ಬದುಕಿರುವವರು ಇಲ್ಲಿ ಯಾರು ಕೊಂದದ್ದು ಎಂದು ಬೊಬ್ಬೆ ಹೊಡೆಯುತ್ತಿದ್ದರೆ, ಅಲ್ಲಿ ಯಾವ ಕಾದಂಬರಿಯ ಎರಡನೇ ಭಾಗ ಯಾಕೆ ಸಪ್ಪೆ ಎಂದು ತಣ್ಣಗೆ ವಿಚಾರ ನಡೆದಿರುತ್ತದೆ. ಬರಬರುತ್ತ ಬೇಗ ಸಾಯುವುದೇ ಲಾಭ ಎಂದಾಯಿತು. ಮಾಫಿಯಾದವರಿಗೆ ಇದರಿಂದ ಧರ್ಮಸಂಕಟ; ಕೊಂದರೆ ಉಪಕಾರ ಮಾಡಿದ ಹಾಗೆ.

ಮೊನ್ನೆ ಟೀಚರ್ ಹೊಸದಾಗಿ ಓದಿದ ಯಾವುದೋ ಕಾದಂಬರಿಯ ಕೊನೆ ಹೇಳಲು ಹೊರಟಿದ್ದರು, ಅಷ್ಟರಲ್ಲಿ ಕರೆ ಕಡಿಯಿತು. ಆಟ ಶುರುವಾಯಿತು. ಮೊದಲ ರಾತ್ರಿಯೇ ಮಾಫಿಯಾ ಅವರ ಮೇಲೆ ಕೈಯೆತ್ತಿತು, ಡಾಕ್ಟರಾಗಿದ್ದ ಕಾರ್ಕಳದವರು ಉಳಿಸಿಬಿಟ್ಟರು. ಬೆಳಗಾಯಿತು, ಟೀಚರ ಜೀವ ಉಳಿಯಿತು ಎಂದು ಭಾಗವತರು ಸಾರಿದ್ದೇ ತಡ, "ಯಾರು ಮಾರ್ರೆ ನನ್ನನ್ನು ಉಳಿಸಿದ್ದು?" ಎಂದು ಟೀಚರಿಗೆ ಸಿಟ್ಟೇ ಬಂತು. ಎರಡನೇ ರಾತ್ರಿ ಮಣಿಪಾಲದ ಡಾಕ್ಟ್ರು ಸತ್ತು ಪರಲೋಕಕ್ಕೆ ಹೋಗಿ, "ಟೀಚರ್ ಬೇಗ ಬನ್ನಿ, ಕಥೆ ಬಾಕಿ ಉಂಟು" ಎಂದು ಸಂದೇಶ ಹಾಕಿದರು. ಮರುಹಗಲು ಓಟಿನ ಹೊತ್ತಿಗೆ ಟೀಚರ್ ಘೋಷಿಸಿದರು: "ನನ್ನ ಮೇಲೆಯೇ ಹಾಕಿ. ನಾನೇ ಮಾಫಿಯಾ."

ಕದ್ರಿಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಮೆಲ್ಲಗೆ, "ಹೌದಾ ಟೀಚರ್? ಹಾಗಾದರೆ ನಿಮ್ಮ ಜೊತೆಯ ಇನ್ನೊಬ್ಬರು ಯಾರು, ಹೇಳಿ ನೋಡುವ" ಎಂದ.

ಟೀಚರಿಗೆ ಉತ್ತರ ಬರಲಿಲ್ಲ. ಒಂದು ಓಟೂ ಬೀಳಲಿಲ್ಲ.