ಹೊತ್ತಿಗೆ ಸರಿಯಾಗಿ ಬಂದ ತಪ್ಪಿಗೆ

ಆಮಂತ್ರಣದಲ್ಲಿ ಸಂಜೆ ಆರೂವರೆ ಎಂದು ಅಚ್ಚಾಗಿತ್ತೆಂಬ ಒಂದೇ ಕಾರಣಕ್ಕೆ ಜಡಿಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಆರೂವರೆಗೇ ಸಭೆಗೆ ತಲಪಿದ ನನಗೆ ಮೊನ್ನೆ ಶನಿವಾರ ಹತ್ತು ರೂಪಾಯಿ ದಂಡ ಬಿತ್ತು. ಹೊತ್ತಿಗೆ ಸರಿಯಾಗಿ ಬಂದು ಉಳಿದ ಸದಸ್ಯರಿಗೆ ಮುಜುಗರ ಉಂಟುಮಾಡಿದೆನೆಂಬುದು ನನ್ನ ಮೇಲಿನ ಆರೋಪ. ದಂಡ ಹಾಕಿದ ಮಾಷ್ಟ್ರು ಬಂದದ್ದು ಎಂಟು ಗಂಟೆಗೆ.

ಸೇವಾ ಕ್ಲಬ್ಬಿನ ಸಭೆಗಳಿಗೆ ಹೋಗಿ ಅಭ್ಯಾಸವಿರುವವರಿಗೆ ಕಲಾಪದ ಕ್ರಮವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಪ್ರಾರ್ಥನೆಯಾಗುತ್ತದೆ, ಧ್ವಜವಂದನೆಯಾಗುತ್ತದೆ, ವಿಶ್ವಶಾಂತಿಗಾಗಿ ಎಲ್ಲರೂ ಮೌನವಾಗಿ ನಿಂತಾಗ ಯಾರದೋ ಕಿಸೆಯಲ್ಲಿ ಮೊಬೈಲ್ ಚೆಂಡೆ ಬಾರಿಸುತ್ತದೆ. ನಮ್ಮದು ಕಾಸರಗೋಡಿನ ಕಡೆಯ ಸಭೆಯಾದ್ದರಿಂದ ಸ್ವಾಗತ ಕನ್ನಡದಲ್ಲಿ, ವರದಿ ಇಂಗ್ಲಿಷಿನಲ್ಲಿ, ಅತಿಥಿಗಳ ಭಾಷಣ ಮಲಯಾಳದಲ್ಲಿ ಮತ್ತು ಊಟದ ಸಾಲಿನ ತಕರಾರು ತುಳುವಿನಲ್ಲಿ ನಡೆಯುತ್ತದೆ. ಇದೆಲ್ಲ ಸಹಿಸಬಹುದಾದದ್ದೇ. ಸಹಿಸಲಾಗದ್ದು ನಮ್ಮ ಟೈಲ್ ಟ್ವಿಸ್ಟರ್ ಮಾಷ್ಟ್ರು.

ಈ ಹುದ್ದೆ ಮಾಷ್ಟ್ರ ಸೃಷ್ಟಿಯಲ್ಲ. ಶಿಕಾಗೋದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಮುಂದಾಳುತನದಲ್ಲಿ 1917ರಲ್ಲಿ ಆರಂಭವಾದ ಲಯನ್ಸ್ ಸಂಸ್ಥೆಯ ಮಾದರಿ ನಿಯಮಾವಳಿಯಲ್ಲಿಯೇ ಅದಕ್ಕೆ ಜಾಗವಿದೆ. ಸಭೆ ಸಪ್ಪೆಯಾಗದಂತೆ ನೋಡಿಕೊಳ್ಳುವುದು ಮತ್ತು ಸದಸ್ಯರಿಗೆ ವಿವೇಚನೆಯಿಂದ ದಂಡ ಹಾಕುವುದು ಅವರ ಕೆಲಸ. ಆ ದಂಡಕ್ಕೆ ಮೇಲ್ಮನವಿಯಿಲ್ಲ. ಆದರೆ ಆಡಳಿತ ಮಂಡಳಿ ಗೊತ್ತುಮಾಡಿದ ಮೊತ್ತವನ್ನು ಅದು ಮೀರಬಾರದು, ಒಂದು ಸಭೆಯಲ್ಲಿ ಒಬ್ಬನೇ ಸದಸ್ಯನಿಗೆ ಎರಡಕ್ಕಿಂತ ಹೆಚ್ಚು ಸಲ ಬೀಳಬಾರದು. ನಿವೃತ್ತ ಗಣಿತ ಅಧ್ಯಾಪಕರಾದ ನಮ್ಮ ಮಾಷ್ಟ್ರು ಈ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ‘ವಿವೇಚನೆಯಿಂದ’ ಎಂಬ ಒಂದು ಶಬ್ದ ಮಾತ್ರ ಅವರ ಪ್ರತಿಯಲ್ಲಿ ಅಚ್ಚಾಗಿಲ್ಲವೆಂದು ಕಾಣುತ್ತದೆ.

ಅವರ ಆಯುಧ ಒಂದು ಹಳೆಯ ಬಿಸ್ಕೆಟ್ ಡಬ್ಬಿ. ಅದರ ಮುಚ್ಚಳವನ್ನು ಮನೆಯ ಕತ್ತಿಯಿಂದಲೇ ಸೀಳಿ ನಾಣ್ಯ ಹಾಕುವಷ್ಟು ಕಂಡಿ ಮಾಡಿದ್ದಾರೆ. ಸೀಳಿನ ಒಂದು ಅಂಚು ಮೇಲಕ್ಕೆ ಬಾಗಿಕೊಂಡಿರುವುದರಿಂದ ದಂಡ ತೆರುವವನ ಬೆರಳಿಗೆ ಒಂದು ಗೀರು ಉಚಿತ. ಕಾಲಕ್ಕೆ ತಕ್ಕಂತೆ ಇರಲೆಂದು ಖಜಾಂಚಿಯವರು ಒಮ್ಮೆ ಡಬ್ಬಿಯ ಮೇಲೆ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದರು. ದಂಡವೆಂದರೆ ಸದ್ದು ಕೇಳಬೇಕು ಎಂದು ಹೇಳಿ ಮಾಷ್ಟ್ರು ಚೀಟಿಯನ್ನು ಕಿತ್ತದ್ದಲ್ಲದೆ, ಅಂಟಿಸಿದ್ದಕ್ಕೆ ಖಜಾಂಚಿಯವರಿಂದಲೇ ಹತ್ತು ರೂಪಾಯಿ ವಸೂಲು ಮಾಡಿದರು.

ಶನಿವಾರ ನಾನು ಸುಮ್ಮನಿರಲಿಲ್ಲ.

“ಇದು ಎಂತ ನ್ಯಾಯ ಮಾಷ್ಟ್ರೇ?” ಎಂದೆ.

“ನ್ಯಾಯ ಬೇಕಾದರೆ ಕೋರ್ಟಿಗೆ ಹೋಗಿ ಮಾರಾಯ್ರೆ, ಇಲ್ಲಿ ದಂಡ ಮಾತ್ರ ಸಿಗುವುದು. ಕೇಳಿದ್ದಕ್ಕೆ ಇನ್ನೊಂದು ಹತ್ತು.”

ಎರಡು ಸಲವಾದ್ದರಿಂದ ಇನ್ನು ನನ್ನನ್ನು ಮುಟ್ಟುವಂತಿಲ್ಲವೆಂಬ ಧೈರ್ಯದಲ್ಲಿ ನಾನು ಗಟ್ಟಿಯಾಗಿಯೇ ಗೊಣಗಿದೆ. ಮಾಷ್ಟ್ರು ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಪೆನ್ಸಿಲಿನ ಮೊನೆಯನ್ನು ನಾಲಗೆಗೆ ತಾಗಿಸಿ, ಏನನ್ನೋ ಬರೆದುಕೊಂಡರು. ಅದು ಮುಂದಿನ ಸಭೆಯ ಲೆಕ್ಕವಂತೆ.

ಟೈಲ್ ಟ್ವಿಸ್ಟರಿಗೂ ದಂಡ ಹಾಕಲು ನಿಯಮದಲ್ಲಿ ದಾರಿಯಿದೆ; ಹಾಜರಿರುವ ಸದಸ್ಯರೆಲ್ಲರೂ ಒಮ್ಮತದಿಂದ ಒಪ್ಪಬೇಕು. ಕಳೆದ ವರ್ಷ ನಾವು ಅದನ್ನು ಪ್ರಯೋಗಿಸಿ ನೋಡಿದ್ದೇವೆ. ಪ್ರಸ್ತಾಪ ಮಂಡನೆಯಾಗಿ, ಹಿಂದಿನ ಸಾಲಿನಲ್ಲಿ ಯಾವಾಗಲೂ ತೂಕಡಿಸುವ ಭಟ್ಟರನ್ನು ಕೂಡ ಎಬ್ಬಿಸಿ ಕೈ ಎತ್ತಿಸಿದ್ದಾಗಿತ್ತು. ಮಾಷ್ಟ್ರು ನಿಧಾನವಾಗಿ ಎದ್ದು ನಿಂತು, ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುವಾಗಿನಂತೆ ಪ್ರತಿಯೊಂದು ಕೈಯನ್ನೂ ಪೆನ್ಸಿಲಿನಿಂದ ತೋರಿಸಿ ಎಣಿಸಿದರು. ಹಾಜರಿರುವ ಸದಸ್ಯರು ಇಪ್ಪತ್ತೆರಡು, ಎತ್ತಿದ ಕೈಗಳು ಇಪ್ಪತ್ತೊಂದು, ಆದ್ದರಿಂದ ಪ್ರಸ್ತಾಪ ಬಿದ್ದಿದೆ ಎಂದು ಘೋಷಿಸಿದರು. ಕೈ ಎತ್ತದ ಆ ದ್ರೋಹಿ ಯಾರೆಂದು ನಾವು ಒಬ್ಬರ ಮುಖವನ್ನೊಬ್ಬರು ನೋಡುತ್ತಿರುವಾಗ ಅವರು ತಮ್ಮ ಎದೆಯನ್ನು ಮುಟ್ಟಿಕೊಂಡು, “ನಾನೂ ಸದಸ್ಯನೇ ಅಲ್ಲವೋ?” ಎಂದು ಕೇಳಿದರು. ಬಳಿಕ ಕೂಡಿಸುವ ಲೆಕ್ಕ ಬಾರದ ಇಪ್ಪತ್ತೊಂದು ಮಂದಿಯ ಮುಂದೆ ಡಬ್ಬಿ ಸುತ್ತು ಬಂತು. ಭಟ್ಟರು ದಂಡ ಕೊಟ್ಟು ಪುನಃ ಮಲಗಿದರು.

ಇಷ್ಟೆಲ್ಲ ಹೇಳಿದ ಮೇಲೂ ಕ್ಲಬ್ಬು ಬಿಡಲು ಮನಸ್ಸಾಗದಿರುವುದಕ್ಕೆ ಕಳೆದ ತಿಂಗಳ ಕಣ್ಣಿನ ಶಿಬಿರವೂ ಒಂದು ಕಾರಣ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಅಧಿವೇಶನಕ್ಕೆ ಬಂದು ಕಣ್ಣಿಲ್ಲದವರ ಪರವಾಗಿ ನಿಲ್ಲಿರೆಂದು ಕೇಳಿಕೊಂಡ ಮೇಲೆ ದೃಷ್ಟಿಗೆ ಸಂಬಂಧಿಸಿದ ಸೇವೆ ಇಂಥ ಕ್ಲಬ್ಬುಗಳ ಖಾಯಂ ಕೆಲಸವಾಗಿದೆ. ನಮ್ಮ ಶಿಬಿರ ನಡೆದದ್ದು ಗಡಿಯ ಹತ್ತಿರದ ಹಳ್ಳಿಯ ಒಂದು ಕನ್ನಡ ಶಾಲೆಯಲ್ಲಿ. ಒಂದು ಜೋಡಿ ಕನ್ನಡಕವನ್ನು ಹತ್ತು ಮಂದಿ ಹಿಡಿದುಕೊಂಡು ಫೋಟೋ ತೆಗೆಸಿಕೊಂಡ ಬಳಿಕ ತಪಾಸಣೆ ಆರಂಭವಾಯಿತು. ಗೋಡೆಗೆ ತೂಗುಹಾಕಿದ್ದ ಅಕ್ಷರಫಲಕ ಮಲಯಾಳದ್ದು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನೂ ಓದದೆ ನಿಂತಾಗ ನಮ್ಮ ಸ್ವಯಂಸೇವಕ ‘ದೃಷ್ಟಿ ತೀರಾ ಮಂದ’ ಎಂದು ಬರೆದೇಬಿಟ್ಟ.

“ಕಾಣುವುದು ಲಾಯ್ಕ ಕಾಣ್ತದೆ ಮಗಾ. ಆ ಅಕ್ಷರ ನನಗೆ ಯಾರೂ ಕಲಿಸಲಿಲ್ಲ” ಎಂದರು ಅಜ್ಜಿ.

ಅವರು ಸ್ಲೇಟು ಹಿಡಿದು ಶಾಲೆಗೆ ಹೋಗುವಾಗ ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು, ಅಜ್ಜಿ ಇದ್ದ ಮನೆಯಲ್ಲೇ ಇರುವಾಗ, ಊರು ಕೇರಳಕ್ಕೆ ಸೇರಿತು. ಅಂದಿನಿಂದ ಎಷ್ಟು ಬೋರ್ಡುಗಳ, ಎಷ್ಟು ಅರ್ಜಿಗಳ ಮುಂದೆ ಅವರು ಹೀಗೆಯೇ ಸುಮ್ಮನೆ ನಿಂತಿರಬಹುದೆಂದು ಯೋಚಿಸುತ್ತಾ ನಾನು ನಿಂತಿದ್ದೆ.

ಯೋಚಿಸುತ್ತಾ ನಿಲ್ಲದವರು ಮಾಷ್ಟ್ರು. ಫಲಕ ತಂದ ಸದಸ್ಯನಿಗೆ ಅಲ್ಲಿಯೇ ದಂಡ ಹಾಕಿ, ಸೀಮೆಸುಣ್ಣ ತೆಗೆದುಕೊಂಡು ಕಪ್ಪುಹಲಗೆಯ ಮೇಲೆ ಕನ್ನಡದ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲುಸಾಲಾಗಿ ಬರೆದರು; ಟೇಪು ಹಿಡಿದು ಸರಿಯಾಗಿ ಆರು ಮೀಟರ್ ಅಳೆದು ಅಜ್ಜಿಯನ್ನು ನಿಲ್ಲಿಸಿದರು. ಅಜ್ಜಿ ಮೇಲಿನಿಂದ ಸರಾಗವಾಗಿ ಓದುತ್ತಾ ಬಂದು, ಕೆಳಗಿನ ಸಾಲಿನಲ್ಲಿ ತಡೆದು, “ಆ ಳಕಾರದ ಸುಳಿ ಸರಿಯಾಗಲಿಲ್ಲ ಮಾಷ್ಟ್ರೇ” ಎಂದರು. ಮಾಷ್ಟ್ರು ಒಂದು ಮಾತೂ ಆಡದೆ ಅಂಗೈಯಿಂದ ಒರಸಿ ಪುನಃ ಬರೆದರು.

ಈಗ ಕ್ಲಬ್ಬಿನ ಲೆಕ್ಕದಲ್ಲಿ ಕನ್ನಡ ಅಕ್ಷರಫಲಕವೊಂದನ್ನು ಅಚ್ಚು ಹಾಕಿಸುವುದೆಂದು ತೀರ್ಮಾನವಾಗಿದೆ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಅಜ್ಜಿಗೆ ತೋರಿಸಿ ಒಪ್ಪಿಗೆ ಪಡೆದು ಬರುವ ಕೆಲಸವನ್ನು ಮಾಷ್ಟ್ರು ನನಗೆ ಹಚ್ಚಿದ್ದಾರೆ. ತಪ್ಪು ಉಳಿದರೆ ದಂಡ ಎಷ್ಟೆಂದು ಅವರು ಹೇಳಲಿಲ್ಲ. ಆಡಳಿತ ಮಂಡಳಿ ಮಿತಿಯನ್ನು ಇಪ್ಪತ್ತು ರೂಪಾಯಿಗೆ ಏರಿಸುವ ಯೋಚನೆಯಲ್ಲಿದೆಯಂತೆ.