ಇಮಾ ಕೇಳಿದ ಬೆಡಗು

ಮಣಿಪುರದ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಅದೆಲ್ಲ ಕುಲ ಕುಲಗಳ ಜಗಳ, ಮೊದಲಿನಿಂದಲೂ ಹೊಡೆದಾಡಿಕೊಂಡೇ ಬಂದ ಜನ." 2023ರ ಮೇ 3ರಂದು ಅಲ್ಲಿ ಕಣಿವೆಯ ಮೈತೇಯಿಗಳಿಗೂ ಬೆಟ್ಟದ ಕುಕಿಗಳಿಗೂ ನಡುವೆ ಬೆಂಕಿ ಹತ್ತಿಕೊಂಡ ಮೇಲೆ ಬಲ್ಲವರು ಅನ್ನಿಸಿಕೊಂಡವರ ಬಾಯಲ್ಲೂ ಇದನ್ನೇ ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ನಾಡಿನಲ್ಲಿ ಕುಲವೆಂಬುದು ಯಾವ ಕೆಲಸಕ್ಕಾಗಿ ಇತ್ತು ಎಂದು ಒಮ್ಮೆಯಾದರೂ ವಿಚಾರಿಸಿದ್ದರೆ ಹೀಗೆ ಮಾತನಾಡುತ್ತಿರಲಿಲ್ಲ.

2018ರಲ್ಲಿ ಇಂಫಾಲ್ ಕಣಿವೆಯ ಒಂದು ಹಳ್ಳಿಗೆ, ಗೆಳೆಯನ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟ ತಕ್ಷಣ ಅವನು ನೈರುತ್ಯದ ಮೂಲೆಯ ಕಡೆ ಕೈ ತೋರಿಸಿ ಅಲ್ಲಿ ಚಪ್ಪಲಿ, ಚೀಲ ಯಾವುದನ್ನೂ ಇಡಬೇಡ ಎಂದ. ಅದು ಮನೆದೇವರು ಸನಾಮಹಿಯ ಜಾಗ. ಊಟಕ್ಕೆ ಕೂತಾಗ ಅವನ ತಾಯಿ, ಅವರನ್ನು ನಾನೂ ಇಮಾ ಎಂದೇ ಕರೆಯುತ್ತಿದ್ದೆ, ಏನೋ ಕೇಳಿದರು. "ನಿನ್ನ ಯೇಕ್ ಯಾವುದು ಎಂದು ಕೇಳುತ್ತಿದ್ದಾರೆ" ಎಂದು ಹೇಳಿ ಗೆಳೆಯ ಅದನ್ನು ವಿವರಿಸಲು ತಡಬಡಾಯಿಸಿದ. ನನಗೆ ವಿವರಣೆಯೇ ಬೇಕಾಗಲಿಲ್ಲ. ಹೆಣ್ಣು ನೋಡಲು ಹೊರಟ ದಿನ ನಮ್ಮಜ್ಜಿ ಮೊದಲು ಕೇಳುತ್ತಿದ್ದುದೂ ಇದನ್ನೇ. ಇಮಾ ನನ್ನ ಬೆಡಗು, ಅಂದರೆ ಕುಲ, ಕೇಳಿದ್ದರು.

ಮೈತೇಯಿಗಳಲ್ಲಿ ಯೇಕ್ ಅಥವಾ ಸಲಾಯ್ ಎನ್ನುವ ಏಳು ಕುಲಗಳಿವೆ: ಮಂಗಾಂಗ್ ಅಥವಾ ನಿಂಗ್ಥೌಜಾ, ಲುವಾಂಗ್, ಖುಮನ್, ಅಂಗೋಮ್, ಮೊಯಿರಾಂಗ್, ಖಾಬಾ-ಙಾನ್ಬಾ, ಸರಾಂಗ್ ಲೈಶಾಂಗ್‌ಥೆಮ್. ಇವುಗಳಲ್ಲಿ ಕೆಲವು ಒಂದು ಕಾಲಕ್ಕೆ ತಮ್ಮದೇ ರಾಜರಿದ್ದ ಸಣ್ಣ ಸಣ್ಣ ರಾಜ್ಯಗಳು. ನಿಂಗ್ಥೌಜಾ ಅರಸರು ಶತಮಾನಗಳ ಕಾಲ ಒಂದೊಂದನ್ನೇ ಒಳಗೆ ಸೇರಿಸಿಕೊಂಡರು. ಸೋತವರ ಕುಲದ ಹೆಸರು ಅಳಿಯಲಿಲ್ಲ, ಮೂಲಪುರುಷನ ಪೂಜೆಯೂ ನಿಲ್ಲಲಿಲ್ಲ. ಒಂದೇ ಸಲಾಯ್‌ನೊಳಗೆ ಮದುವೆ ಕೂಡದು ಎಂಬುದು ಮೂಲ ಕಟ್ಟಳೆ. ಹೀಗಾಗಿ ಖುಮನ್ ಮನೆಯವನು ಹೆಣ್ಣು ತರಬೇಕೆಂದರೆ ಮೊಯಿರಾಂಗ್‌ನವರದೋ ಲುವಾಂಗ್‌ನವರದೋ ಬಾಗಿಲು ತಟ್ಟಲೇಬೇಕು. ನಿನ್ನೆ ಯುದ್ಧ ಮಾಡಿದವರ ಮನೆಯ ಹೆಣ್ಣೇ ಇಂದು ಮನೆಯ ಸೊಸೆ.

ಸಲಾಯ್‌ನ ಕೆಳಗೆ ಯುಮ್ನಾಕ್, ಅಂದರೆ ಮನೆತನದ ಹೆಸರು. 'ಯುಮ್' ಎಂದರೆ ಮನೆ. ದೊರೆ ಲೊಯುಂಬಾ 1110ರಲ್ಲಿ ಹೊರಡಿಸಿದನೆಂದು ಹೇಳುವ ಶಾಸನ ಮನೆತನಗಳಿಗೆ ಕಸುಬುಗಳನ್ನು ಹಂಚಿತು. 'ಥಾಂಗ್' ಎಂದರೆ ಕತ್ತಿ, ಥಾಂಗ್ಜಮ್ ಮನೆತನದವರು ಕಮ್ಮಾರರು. ನನ್ನನ್ನು ಹೆಚ್ಚು ಸೆಳೆದದ್ದು ಪಾಂಗಲ್‌ಗಳ, ಅಂದರೆ ಅಲ್ಲಿನ ಮುಸ್ಲಿಮರ, ಕಥೆ. 1606ರಲ್ಲಿ ಖಾಗೆಂಬಾ ದೊರೆಯ ಮೇಲೆ ಅವನ ತಮ್ಮನೇ ದಂಡೆತ್ತಿ ಬಂದ. ಸೋತ ಆ ದಂಡಿನಲ್ಲಿದ್ದ ಮುಸ್ಲಿಂ ಸೈನಿಕರನ್ನು ದೊರೆ ಕೊಲ್ಲಲಿಲ್ಲ. ಅವರಿಗೆ ನೆಲೆ ಕೊಟ್ಟ, ಅಲ್ಲಿನ ಹೆಣ್ಣುಮಕ್ಕಳೊಡನೆ ಮದುವೆಯಾಯಿತು, ಮನೆತನದ ಹೆಸರುಗಳೂ ಬಂದವು. ಇಂದಿಗೂ ಮಣಿಪುರದ ಮುಸ್ಲಿಮರಲ್ಲಿ ಫುಂದ್ರೈಮಯುಮ್ ಎಂಬಂಥ ಹೆಸರುಗಳಿವೆ. ಶತ್ರುವಿನ ದಂಡಿನಲ್ಲಿ ಬಂದವನಿಗೆ ಮನೆತನದ ಹೆಸರು ಕೊಟ್ಟು ಒಳಗೆ ಕೂರಿಸಿಕೊಂಡ ವ್ಯವಸ್ಥೆಗೆ 'ಕುಲ ಜಗಳ' ಎಂಬ ಹಣೆಪಟ್ಟಿ ಹಚ್ಚುತ್ತಿದ್ದೇವೆ!

ಹದಿನೆಂಟನೆಯ ಶತಮಾನದಲ್ಲಿ ಗರೀಬ್ ನಿವಾಜ್ ದೊರೆ ವೈಷ್ಣವನಾದಾಗ ಸಲಾಯ್‌ಗಳ ಮೇಲೆ ಗೋತ್ರಗಳನ್ನು ಹೊದಿಸಲಾಯಿತು. ನಿಂಗ್ಥೌಜಾಗಳು ಶಾಂಡಿಲ್ಯ ಗೋತ್ರದವರಾದರು. ಆ ಹೊದಿಕೆಯ ಕೆಳಗೆ ಹಳೆಯದು ಹಾಗೆಯೇ ಉಳಿಯಿತು.

ಬೆಟ್ಟದ ಕಡೆ ಇನ್ನೂ ಸೊಗಸಿದೆ. ಪುರುಮ್ ಎಂಬ ಪುಟ್ಟ ಸಮುದಾಯವನ್ನು ಕಲ್ಕತ್ತಾ ವಿಶ್ವವಿದ್ಯಾಲಯದ ತಾರಕ್ ಚಂದ್ರ ದಾಸ್ 1930ರ ದಶಕದಲ್ಲಿ ಅಧ್ಯಯನ ಮಾಡಿದರು. ಮರ್ರಿಮ್, ಮಕನ್, ಖೆಯಾಂಗ್, ಥಾವೊ, ಪರ್ಪಾ ಎಂಬ ಐದು ಕುಲಗಳು. ಸೋದರಮಾವನ ಮಗಳು ತಕ್ಕ ಹೆಣ್ಣು, ಸೋದರತ್ತೆಯ ಮಗಳು ಕೂಡದು. ನಮ್ಮಲ್ಲಿ ಇಬ್ಬರೂ ಸಲ್ಲುತ್ತಾರೆ, ಅವರಲ್ಲಿ ಹಾಗಿಲ್ಲ. ತಾವು ಹೆಣ್ಣು ಕೊಟ್ಟ ಕುಲದಿಂದ ಹೆಣ್ಣು ತರುವಂತಿಲ್ಲ, ಆದ್ದರಿಂದ ಹೆಣ್ಣು ಒಂದೇ ದಿಕ್ಕಿಗೆ ಹೋಗುತ್ತಾಳೆ. ಕೊಟ್ಟವರು ಯಾವಾಗಲೂ ಮೇಲು, ಅಳಿಯನಾಗುವವನು ಮಾವನ ಮನೆಯಲ್ಲಿ ಮೂರು ವರ್ಷ ದುಡಿಯಬೇಕು. ಕುಕಿಗಳಲ್ಲಿ ಥಾಡೌ ಜನರ ಮನೆಯಲ್ಲಿ ಶುಭವಾಗಲಿ ಅಶುಭವಾಗಲಿ, ಮುಂದೆ ನಿಂತು ಅಡುಗೆ, ಕೆಲಸಗಳನ್ನು ನೋಡಿಕೊಳ್ಳುವವರು ಆ ಮನೆಯ ಹೆಣ್ಣುಮಕ್ಕಳು ಸೇರಿದ ಮನೆಯವರು. ಅವರನ್ನು ತುಚಾ ಎನ್ನುತ್ತಾರೆ. ಹೊರಗಿನ ಕುಲದವನು ಬಂದು ಕೈ ಹಾಕದಿದ್ದರೆ ಮನೆಯ ಕಾರ್ಯವೇ ನಡೆಯದು.

ಎಲ್ಲವೂ ಚೆಂದವಿತ್ತು ಎಂದು ನಾನು ಹೇಳಲಾರೆ. ಕುಲ ಗಂಡಿನ ಕಡೆಯಿಂದಲೇ ಇಳಿಯುತ್ತದೆ. ಮನೆತನದ ಹಿರಿಯ 'ಪಿಬಾ' ಗಂಡಸೇ. ಮಡಿ-ಮೈಲಿಗೆ ಬಲವಾದ ಮೇಲೆ ಅಂದ್ರೋ, ಸೆಕ್ಮೈ, ಫಾಯೆಂಗ್‌ನಂಥ ಊರುಗಳ ಲೋಯಿ ಜನರನ್ನು ಕೀಳಾಗಿ ಕಂಡರು. ಹಳೆಯ ಪದ್ಧತಿಗಳನ್ನು ಕಾಪಾಡಿಕೊಂಡು ಬಂದವರೇ ಅವರು. ಈ ಅನ್ಯಾಯದ ನೋವು ಇನ್ನೂ ಆರಿಲ್ಲ. ಆದರೂ ಲೈ ಹರಾವೊಬಾ ಹಬ್ಬದ ಕೊನೆಯ ದಿನ ಕಣಿವೆಯ ದೇವರು ಬೆಟ್ಟದ ತಾಂಗ್‌ಖುಲ್ ನಾಗಾನ ಉಡುಗೆ ತೊಟ್ಟು ಬರುತ್ತಾನೆ, ಜನ ಕೈ ಮುಗಿಯುತ್ತಾರೆ.

2023ರಲ್ಲಿ ರಸ್ತೆ ತಡೆದು ಗುರುತಿನ ಚೀಟಿ ಕೇಳಿದರು. ಚೀಟಿಯಲ್ಲಿ ಹುಡುಕಿದ್ದು ಮನೆತನದ ಹೆಸರನ್ನು. ಯಾರ ಮನೆಗೆ ಹೆಣ್ಣು ಕೇಳಲು ಹೋಗಬಹುದು ಎಂದು ತಿಳಿಸುತ್ತಿದ್ದ ಹೆಸರು ಯಾರನ್ನು ಬಸ್ಸಿನಿಂದ ಇಳಿಸಬೇಕು ಎಂದು ತೋರಿಸತೊಡಗಿತು. ಇದನ್ನು ಮಾಡಿದ್ದು ಕುಲವಲ್ಲ. ನೆಲ, ಮೀಸಲಾತಿ, ಬಂದೂಕು, ಚುನಾವಣೆ ಎಲ್ಲ ಸೇರಿ ಮಾಡಿದ್ದನ್ನು ಅಜ್ಜಂದಿರ ತಲೆಗೆ ಕಟ್ಟಬೇಡಿ ಎಂಬುದಷ್ಟೇ ನನ್ನ ತಕರಾರು.

ಗೆಳೆಯನ ಅಕ್ಕ ಬೆಟ್ಟದ ಕಡೆಯ ಚುರಾಚಾಂದ್‌ಪುರದ ಕುಕಿ ಮನೆಯ ಸೊಸೆ. ದೀಪಾವಳಿಯ ಆಸುಪಾಸಿನಲ್ಲಿ ಬರುವ ನಿಂಗೋಲ್ ಚಾಕೌಬಾ ದಿನ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆದು ಮೀನಿನ ಊಟ ಹಾಕುತ್ತಾರೆ. ಅವರ ಮನೆಯಲ್ಲಿ ಕರೆ ಹೋಗುವುದು ನಮ್ಮ ಹಾಗೆಯೇ, ಅಡಿಕೆ-ವೀಳ್ಯದ ಜೊತೆ. 2023ರಲ್ಲಿ ಎರಡೂ ಕಡೆ ಓಡಾಡಬಲ್ಲವರು ಪಾಂಗಲ್ ಚಾಲಕರು ಮಾತ್ರ. ಹಾಗೆ ಒಬ್ಬರ ಕೈಯಲ್ಲಿ ಇಮಾ ಪೊಟ್ಟಣ ಕಳುಹಿಸಿದರು. ಅಕ್ಕ ಬರಲಾಗಲಿಲ್ಲ. ಸಂಜೆ ಗೆಳೆಯ ಬೆಂಗಳೂರಿನ ತನ್ನ ಕೋಣೆಯಲ್ಲಿ ಕೂತು ಫೋನಿನಲ್ಲಿ ಅವಳ ಫೋಟೋ ತೋರಿಸಿದ. ಮಡಿಲಲ್ಲಿ ಆ ಪೊಟ್ಟಣ ಇತ್ತು, ಇನ್ನೂ ಬಿಚ್ಚಿರಲಿಲ್ಲ.