ಚಿತೆಯ ಮುಂದೆ ಹಂಚುವ ಪುಸ್ತಕ

ಥಾಯ್ ಭಾಷೆಯ ಅಚ್ಚಿನ ಕಥೆಯನ್ನು ಯಾರೇ ಹೇಳಲಿ, ಡಾನ್ ಬೀಚ್ ಬ್ರಾಡ್ಲಿ ಎಂಬ ಅಮೆರಿಕದ ಮಿಷನರಿ ವೈದ್ಯನಿಂದ ಶುರುಮಾಡಿ ಹೆಚ್ಚುಕಡಿಮೆ ಅವನಲ್ಲೇ ಮುಗಿಸಿಬಿಡುತ್ತಾರೆ. 1835ರಲ್ಲಿ ಅಚ್ಚಿನ ಯಂತ್ರದೊಡನೆ ಬ್ಯಾಂಕಾಕಿಗೆ ಬಂದ, ಮರುವರ್ಷ ಮೊದಲ ಹಾಳೆ ಅಚ್ಚಾಯಿತು, ನಾಡಿಗೆ ಬೆಳಕು ಬಂತು. ಈ ಬೆಳಕಿನ ಕಥೆಯ ಬಗ್ಗೆ ನನಗೆ ತಕರಾರಿದೆ.

ಥಾಯ್ ಅಚ್ಚು ಹುಟ್ಟಿದ್ದೇ ಆ ನೆಲದಲ್ಲಲ್ಲ. ರಂಗೂನಿನಲ್ಲಿದ್ದ ಆನ್ ಜಡ್ಸನ್ ಎಂಬಾಕೆ ಅಲ್ಲಿದ್ದ ಸಯಾಮಿಗಳಿಂದ (ಥಾಯ್ ಜನರಿಗೆ ಆಗಿನ ಹೆಸರು) ಭಾಷೆ ಕಲಿತು ಅನುವಾದಿಸಿದ ಕ್ರೈಸ್ತ ಪ್ರಶ್ನೋತ್ತರದ ಪುಸ್ತಿಕೆ 1819ರಲ್ಲಿ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅದೇ ಊರಿನಿಂದ ಹೊರಬಂದು ಆಗ ಎರಡೇ ವರ್ಷವಾಗಿತ್ತು. ಅಚ್ಚಿನ ಮಟ್ಟಿಗೆ ನಾವೂ ಅವರೂ ಒಂದೇ ಅಂಗಳದಲ್ಲಿ ಅಂಬೆಗಾಲಿಟ್ಟವರು. ಆ ಥಾಯ್ ಪುಸ್ತಿಕೆಯ ಒಂದು ಪ್ರತಿಯೂ ಉಳಿದಿಲ್ಲ.

ಯಂತ್ರ ತಂದವರಿಗೆ ಬೇಕಿದ್ದುದು ಧರ್ಮಪ್ರಚಾರ. ಊರಿನವರು ಅದನ್ನು ಬೇರೆಯೇ ಕೆಲಸಗಳಿಗೆ ಹಚ್ಚಿದರು. 1839ರಲ್ಲಿ ದೊರೆ ಮೂರನೆಯ ರಾಮ, ಅಫೀಮು ನಿಷೇಧದ ಆಜ್ಞೆಯನ್ನು ಮಿಷನರಿಗಳಿಂದಲೇ 9,000 ಪ್ರತಿ ಅಚ್ಚು ಹಾಕಿಸಿದ. ಮುಂದೆ ಮೋದ್ ಅಮಾತ್ಯಕುಲ್ ಎಂಬವನು ದೇಶದ ಕಾನೂನು ಗ್ರಂಥವನ್ನು ಅಚ್ಚು ಹಾಕಿಸಿದಾಗ ಅದೇ ದೊರೆ ಪ್ರತಿಗಳನ್ನೆಲ್ಲ ಜಪ್ತಿ ಮಾಡಿಸಿದ. ಆಜ್ಞೆ ಮನೆಮನೆಗೂ ಮುಟ್ಟಬೇಕು, ಕಾನೂನು ಮಾತ್ರ ಮುಟ್ಟಬಾರದು! ಬ್ರಾಡ್ಲಿಯೂ ಬದಲಾದ. 1861ರಲ್ಲಿ ಅವನು, ವಿಕ್ಟೋರಿಯಾ ರಾಣಿಯ ಬಳಿಗೆ ಹೋದ ರಾಯಭಾರದಲ್ಲಿ ದುಭಾಷಿಯಾಗಿದ್ದ ಮೊಮ್ ರಾಚೋಥಾಯ್ ಬರೆದ ಪ್ರವಾಸಕಾವ್ಯದ ಹಕ್ಕನ್ನು 400 ಬಾತ್ ಕೊಟ್ಟು ಕೊಂಡ. ಪಾದ್ರಿಯೊಳಗಿನ ಪ್ರಕಾಶಕ ಎದ್ದು ಕೂತಿದ್ದ.

ಆದರೆ ನನ್ನ ಪ್ರಕಾರ ಅಚ್ಚು ಥಾಯ್ ಜನರ ಸ್ವಂತ ಸೊತ್ತಾದದ್ದು ಇದ್ಯಾವುದರಿಂದಲೂ ಅಲ್ಲ, ಸಾವಿನ ಮನೆಯಿಂದ. 1880ರ ಮೇ 31ರಂದು ರಾಣಿ ಸುನಂದಾ ದೋಣಿ ಮಗುಚಿ ಮಗಳೊಡನೆ ಮುಳುಗಿ ತೀರಿಕೊಂಡಳು. ವಯಸ್ಸು ಹತ್ತೊಂಬತ್ತು, ಮತ್ತೆ ಬಸುರಿ. ಅವಳ ಅಂತ್ಯಕ್ರಿಯೆಗಾಗಿ ದೊರೆ ಚುಲಾಲಂಕರಣ ಪ್ರಾರ್ಥನೆಗಳ ಪುಸ್ತಕವೊಂದನ್ನು ಹತ್ತು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದ. ಅರಮನೆಯ ಈ ರೂಢಿ ಅಧಿಕಾರಿಗಳ ಮನೆಗೆ, ವ್ಯಾಪಾರಿಗಳ ಮನೆಗೆ ಇಳಿಯಿತು. ದಹನಕ್ಕೆ ಬಂದವರ ಕೈಗೆ ಒಂದೊಂದು ಪುಸ್ತಕ: ಅದೊಂದು ದಾನ, ಅದರ ಪುಣ್ಯ ಸತ್ತವರಿಗೆ.

ಇದರಲ್ಲಿ ಜಾಣತನ ತೋರಿದವನು ರಾಜಕುಮಾರ ದಾಮ್ರೋಂಗ್. ಬ್ಯಾಂಕಾಕಿನ ರಾಜಗ್ರಂಥಾಲಯವಾದ ವಜಿರಯಾನದ ಹೊಣೆ ಹೊತ್ತಿದ್ದ ಅವನ ಬಳಿ ತಾಳೆಗರಿಗಳೂ ಮಡಿಕೆ ಕಾಗದದ ಕಡತಗಳೂ ರಾಶಿ ಬಿದ್ದಿದ್ದವು. ಎಲ್ಲವನ್ನೂ ಮುದ್ರಿಸಲು ಹಣವೆಲ್ಲಿ? ಹಣ ದುಃಖದ ಮನೆಗಳಲ್ಲಿತ್ತು. ಅಂತ್ಯಕ್ರಿಯೆಗೆ ಏನಾದರೂ ಅಚ್ಚು ಹಾಕಿಸಬೇಕೆಂದು ಬಂದವರಿಗೆ ಗ್ರಂಥಾಲಯದಿಂದ ಒಂದು ಹಳೆಯ ಕೃತಿ ಆರಿಸಿ, ತಿದ್ದಿ, ಮುನ್ನುಡಿ ಬರೆದು ಕೊಡುತ್ತಿದ್ದರು. ಹೀಗೆ ಇತಿಹಾಸದ ಬಖರುಗಳು, ಕಾವ್ಯಗಳು ಒಂದೊಂದು ಹೆಣದ ಹೆಸರಿನಲ್ಲಿ ಹೊರಬಂದವು. ಮಾತು ಒರಟೆನಿಸಿದರೆ ಕ್ಷಮಿಸಿ, ನಡೆದದ್ದು ಹಾಗೆಯೇ.

ಅಂಥ ಪುಸ್ತಕವೊಂದನ್ನು ತೆರೆದರೆ ಮೊದಲು ತೀರಿಕೊಂಡವರ ಫೋಟೋ, ಗತ್ತಿನಿಂದ ಕೂತ ಭಂಗಿಯದು. ಆಮೇಲೆ ಹುಟ್ಟು, ಓದು, ಹುದ್ದೆ, ಪದಕಗಳು, ಮಕ್ಕಳ ಹೆಸರು. ಅದು ಮುಗಿದ ಮೇಲೆ ಏನು ಬೇಕಾದರೂ ಬರಬಹುದು: ಬುದ್ಧನ ಬೋಧೆ, ಹಳೆಯ ಯುದ್ಧದ ವರದಿ, ಗಿಡಮೂಲಿಕೆ ಮದ್ದು, ಮನೆಯ ಹೆಂಗಸರ ಕೈಯಡುಗೆ. ಅಂಗಡಿಯಲ್ಲಿ ಮಾರುವುದಕ್ಕೆಂದು ಮಾಡಿದ್ದಲ್ಲವಾದ್ದರಿಂದ ಓದುಗರಿಗೆ ಇದು ರುಚಿಸೀತೇ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಯಾವ ಪ್ರಕಾಶಕನೂ ಮುಟ್ಟದ ಎಷ್ಟೋ ಸರಕು ಉಳಿದದ್ದು ಅದರಿಂದಲೇ.

ಒಂದು ಅನುಮಾನವನ್ನೂ ಹೇಳಬೇಕು. ಆ ಜೀವನಚರಿತ್ರೆಗಳಲ್ಲಿ ಕುಡುಕನಿಲ್ಲ, ಸಾಲಗಾರನಿಲ್ಲ, ಅಣ್ಣತಮ್ಮಂದಿರ ಜಗಳವಿಲ್ಲ. ಬರೆದವರು ಮಕ್ಕಳು, ಓದುವವರು ನೆಂಟರು, ಸಂದರ್ಭ ಚಿತೆಯದು. ಹಾಗಾಗಿ ನನಗೆ ಅಡುಗೆಯ ಪುಟಗಳ ಮೇಲೆಯೇ ಹೆಚ್ಚು ನಂಬಿಕೆ.